ಆರು ವರ್ಷದ್ದು

ಮೊದಲ ಚೀಟಿಯಲ್ಲಿ ಬರೆದೆ:
ಮುಧೋಳ ಜಾತಿ, ಗಂಡು, ಆರು ವರ್ಷ, ಬೇಟೆಗೆ ಪಳಗಿದೆ.
ಪಶು ಆಸ್ಪತ್ರೆಯ ಬಾಗಿಲಿಗೆ ಅಂಟಿಸಿ
ಟೀ ಕುಡಿದು ಬರುವಷ್ಟರಲ್ಲಿ ಮೂರು ಜನ.
ಒಬ್ಬ ಹಲ್ಲು ನೋಡಿದ, ಒಬ್ಬ ತೊಡೆ ಒತ್ತಿದ,
ಇನ್ನೊಬ್ಬ ಕೇಳಿದ, ಹಂದಿ ಹಿಡಿಯುತ್ತಾ?
ಗೋಂದು ಒಣಗುವ ಮೊದಲೇ ಕಿತ್ತುಬಿಟ್ಟೆ.

ಆಲೂರಿನ ಆಚೆ, ಜೋಳದ ಹೊಲದ ಅಂಚಿಗೆ
ಕ್ಲಚ್ ವೈರಿನ ಉರುಳಲ್ಲಿ ಸೊಂಟ ಸಿಕ್ಕಿ
ಎರಡು ಹಗಲು ನಿಂತೇ ಇತ್ತಂತೆ.
ಕೂಗಲಿಲ್ಲ, ಅಂದರು ತಂದವರು.
ಕೂಗಿದರೆ ಬೇಟೆ ತಪ್ಪುತ್ತದೆಂದು
ಯಾರೋ ಹೊಡೆದು ಕಲಿಸಿದ್ದರು.

ಡಾಕ್ಟರು ವೈರು ಕತ್ತರಿಸುವಾಗ ತಲೆ ಹಿಡಿದವಳು ನಾನು.
ಹದಿನೇಳು ವರ್ಷದಿಂದ ಅದೇ ಕೆಲಸ,
ಎಮ್ಮೆಯದು, ಹೋರಿಯದು, ಯಾರದೋ ಪಮೇರಿಯನ್‌ದು.
ಎಲ್ಲವೂ ಕೊಸರುತ್ತವೆ.
ಇದು ಭಾರವನ್ನೆಲ್ಲ ನನ್ನ ಅಂಗೈಗೆ ಬಿಟ್ಟಿತು,
ರಾತ್ರಿ ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ
ಗೊತ್ತಿಲ್ಲದೆ ನಿದ್ದೆ ಬಿದ್ದವರ ಹಾಗೆ.

ಎರಡನೇ ಚೀಟಿ: ಬಲು ಸಾಧು, ಮಕ್ಕಳೊಂದಿಗೆ ಹೊಂದುತ್ತದೆ.
ಸುಳ್ಳು. ಮಕ್ಕಳೊಂದಿಗೆ ನಾನು ನೋಡಿಯೇ ಇರಲಿಲ್ಲ.
ಫೋನುಗಳು ಬಂದವು. ಮರಿ ಇದೆಯಾ ಮೇಡಂ?
ಆರು ವರ್ಷ ಅಂದರೆ ಮುಗೀತಲ್ಲ ಮೇಡಂ.
ನನಗೆ ನಲವತ್ತಾರು. ಫೋನು ಇಟ್ಟೆ.

ಉತ್ತರ ಬಡಾವಣೆಯ ಮನೆಯಿಂದ ನಾಲ್ಕನೇ ದಿನ
ಆಟೋದಲ್ಲಿ ವಾಪಸ್ಸು ಬಂತು.
ರಾತ್ರಿಯಿಡೀ ನಡೆಯುತ್ತೆ ಕಣ್ರೀ,
ಗ್ರಾನೈಟ್ ಮೇಲೆ ಉಗುರು, ಟಕ ಟಕ ಟಕ ಟಕ,
ಮನುಷ್ಯರು ಮಲಗೋದು ಬೇಡವಾ?
ಹೊಸ ಬೆಲ್ಟನ್ನೂ ಬಿಚ್ಚಿ ಕೊಟ್ಟರು, ಬೆಲೆಚೀಟಿ ಸಮೇತ.
ಸಾಲಗಾಮೆ ರಸ್ತೆಯ ಕೋಳಿ ಫಾರಮ್ಮಿನಲ್ಲಿ
ಸರಪಳಿಯ ಉದ್ದ ನೋಡಿ
ಇಳಿಸದೆಯೇ ಕರೆತಂದೆ.

ಮೂರನೇ ಚೀಟಿಗೆ ಹಾಳೆಯ ಎರಡೂ ಬದಿ ಬೇಕಾಯಿತು.
ರಾತ್ರಿ ಮಲಗುವುದಿಲ್ಲ.
ಪಟಾಕಿ ಹೊಡೆದರೆ ನಿಂತಲ್ಲೇ ಉಚ್ಚೆ ಹೊಯ್ಯುತ್ತದೆ.
ಮೊಸರನ್ನ ತಿನ್ನುತ್ತದೆ, ಯಾರೂ ನೋಡದಿದ್ದರೆ.
ಬೆಕ್ಕಿನ ವಿಷಯದಲ್ಲಿ ಭರವಸೆ ಕೊಡಲಾರೆ.
ಚರ್ಮ ತೆಳು, ಚಳಿ ತಡೆಯದು.
ಬೇಟೆಗೆ ಕೊಡುವುದಿಲ್ಲ.
ಇಂತಿ, ಕುಸುಮಾವತಿ, ಅಟೆಂಡರ್.

ಹನ್ನೊಂದು ದಿನ ಒಂದು ನರಪಿಳ್ಳೆ ಇಲ್ಲ.
ನೀನೇ ಇಟ್ಕೊಳ್ಳೇ, ಅಂದರು ಡಾಕ್ಟರು.
ನನ್ನದು ಮಹಡಿಯ ಮೇಲಿನ ಒಂದು ಕೋಣೆ;
ಕೆಳಗೆ ಓನರಮ್ಮನ ಬೆಕ್ಕು ಐದು.

ಹನ್ನೆರಡನೇ ದಿನ ಮರುಳಯ್ಯ ಬಂದ,
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಬೇಕರಿಯವನು,
ಹುಬ್ಬಿಗೆ ಮೈದಾ ಮೆತ್ತಿಕೊಂಡು.
ಚೀಟಿಯ ಮೇಲೆ ಬೆರಳಿಟ್ಟು ಎರಡು ಸಲ ಓದಿದ.
ರಾತ್ರಿ ಮಲಗಲ್ವಾ?
ಇಲ್ಲ.
ನಾನೂ ಮಲಗಲ್ಲ, ಇಪ್ಪತ್ತೊಂಬತ್ತು ವರ್ಷ ಆಯ್ತು.
ಅಂಗಡಿ ಒಳಗೆ ಬಿಡಲ್ಲ, ಈಗಲೇ ಹೇಳಿರ್ತೀನಿ.
ಹಿತ್ತಲಲ್ಲಿ ಒಲೆಯ ಬೆನ್ನುಗೋಡೆ ಇದೆ,
ಬಿಸಿಲು ಏರೋವರೆಗೂ ಬಿಸಿ ಇರುತ್ತೆ.

ಮುಟ್ಟಲಿಲ್ಲ. ಹೆಸರು ಕೇಳಲಿಲ್ಲ.
ನಾಯಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತ,
ಜೇಬಿನಿಂದ ಬೆಣ್ಣೆ ಬಿಸ್ಕತ್ತು ತೆಗೆದು ಮುರಿದು
ಅರ್ಧ ಪಕ್ಕಕ್ಕಿಟ್ಟು
ರಸ್ತೆ ನೋಡಿದ. ಬಹಳ ಹೊತ್ತು ನೋಡಿದ.
ನಾನು ರಿಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದೆ,
ಏನೂ ಬರೆಯುತ್ತಿರಲಿಲ್ಲ.

ತಿಂಗಳು ಕಳೆದು, ತಡೆಯಲಾರದೆ,
ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡು ಹೋದೆ,
ಊರಿಗೆ ಇನ್ನೂ ಮಂಜಿನ ಮುಸುಕು.
ಅದು ನಡೆಯುತ್ತಿತ್ತು, ಗೋಡೆಯಿಂದ ನೀರಿನ ತೊಟ್ಟಿಗೆ,
ತೊಟ್ಟಿಯಿಂದ ಗೋಡೆಗೆ,
ಮಣ್ಣಿನ ಮೇಲೆ ಸದ್ದಿಲ್ಲದ ಉಗುರು.
ಒಳಗೆ ಮರುಳಯ್ಯ ಹಿಟ್ಟು ಮಗುಚುತ್ತ
ತಿರುಗದೆಯೇ ಏನೋ ಹೇಳುತ್ತಿದ್ದ,
ಸಕ್ಕರೆಯ ರೇಟು, ಮಗಳ ಗಂಡನ ಮೊಂಡುತನ.

ಕೊನೆಯ ಟ್ರೇ ಹೊರಬಂದಾಗ
ಉದ್ದ ಕಾಲುಗಳನ್ನು ಒಂದೊಂದೇ ಮಡಚಿ
ಗೋಡೆಗೆ ಗಾಯದ ಸೊಂಟ ಒತ್ತಿ ಮಲಗಿತು.
ಸ್ವಲ್ಪ ಹೊತ್ತಿಗೆ ಪಾದಗಳು ಅದುರಿದವು,
ನಿದ್ದೆಯಲ್ಲಿ ಯಾವುದನ್ನೋ ಅಟ್ಟುತ್ತ
ಬೌ, ಅಂದಿತು, ಸಣ್ಣದಾಗಿ, ಗಂಟಲು ಕಟ್ಟಿದವರ ಹಾಗೆ.

ಮೊನ್ನೆಯಿಂದ ಶುರು ಮಾಡ್ಕೊಂಡಿದೆ, ಅಂದ ಮರುಳಯ್ಯ,
ಸದ್ದಾಗದಂತೆ ಟ್ರೇ ಇಳಿಸುತ್ತ.

ಎಬ್ಬಿಸಲಿಲ್ಲ.
ಮೊಸರನ್ನವನ್ನು ಸಿಟಿ ಬಸ್ಸಿನಲ್ಲಿ ನಾನೇ ತಿಂದೆ.