ಕಾರಣ ಎಂಬಲ್ಲಿ

ರಜಾ ಫಾರ್ಮಿನಾಗ ಕಾರಣ ಅನ್ನೋ ಕಡೆ
ಒಂದ ಗೆರಿ ಜಾಗ ಬಿಟ್ಟಾರ.
ಜ್ವರ ಅಂತ ಬರಿಯವಾ, ಅಂದ್ರು ಡಿಪೋದ ಮುಜಾವರ ಮಾವಾರು,
ಜ್ವರಕ್ಕ ಯಾರೂ ಎದುರು ಪ್ರಶ್ನೆ ಕೇಳಂಗಿಲ್ಲ.
ಹೊಟ್ಟಿಬ್ಯಾನಿ ಆದ್ರೂ ನಡೀತೈತಿ,
ಸೋದರತ್ತಿ ತೀರಿಕೊಂಡ್ರೂ ನಡೀತೈತಿ.
ನನ್ನ ಸೋದರತ್ತಿ ಈಗಾಗ್ಲೇ ಎರಡ ಸಲ ತೀರಿಕೊಂಡಾಳ
ಡಿಪೋದ ಕಡತದಾಗ.

ಖರೇ ಹೇಳಬೇಕಂದ್ರ ಆಗಿದ್ದು ಇಷ್ಟ:
ಜಮಖಂಡಿ ಬಿಟ್ಟು ವಿಜಯಪುರಕ್ಕ ಹೊಂಟ ನಾಕು ನಲವತ್ತರ ಗಾಡಿ,
ಕುಂತ ಮಂದಿ ಐವತ್ತು, ನಿಂತ ಮಂದಿ ದೇವರಿಗೇ ಗೊತ್ತು.
ಚಿಕ್ಕಪಡಸಲಗಿ ಸೇತುವೆ ಮ್ಯಾಲ
ಒಬ್ಬ ಮುದುಕಪ್ಪ ಐನೂರರ ನೋಟು ಕೊಟ್ಟ.
ಅರವತ್ತೆರಡು ಕಳದ್ರ ಎಷ್ಟು?
ಹದಿಮೂರು ವರ್ಷ ಬಾಯಾಗ ತಾನಾಗೇ ಹುಟ್ಟತಿದ್ದ ಲೆಕ್ಕ
ಅವತ್ತ ಹುಟ್ಟಲಿಲ್ಲ.
ಚಿಲ್ರಿ ಚೀಲದಾಗ ಕೈ ಇಟ್ಟಾಕಿ ಹಂಗ ನಿಂತೆ.
ಕೆಳಗ ಕೃಷ್ಣಿ ಹರೀತಿದ್ಲು,
ಆಕಿಗೇನೂ ಅವಸರ ಇದ್ದಂಗಿರಲಿಲ್ಲ.
ಅಕ್ಕಾರ, ಚಿಲ್ರಿ… ಅಕ್ಕಾರ…
ಅನ್ನೂದು ಬಾವಿಯೊಳಗಿಂದ ಕೇಳಿಸಿತು,
ಬಾವ್ಯಾಗ ಇದ್ದವರು ಯಾರು, ಅವನೋ ನಾನೋ.
ನೋಟು ಹೊಳ್ಳಿ ಅವನ ಕೈಯಾಗಿಟ್ಟೆ.
ಬಬಲೇಶ್ವರದ ತನಕ ಕಂಬಾ ಹಿಡಕೊಂಡು ಅತ್ತೆ,
ಕಣ್ಣೀರಿಲ್ಲದ, ಸೀಟಿ ಹೊಡೆಯೋದು ಮರೀದ.

ಬಾಗಲಕೋಟಿ ದೊಡ್ಡ ದವಾಖಾನಿ, ಕಡೀ ರೂಮು.
ಅಲ್ಲಿ ಬಾಕಿನ ಮ್ಯಾಲ ಕಾಯಾಕತ್ತವ್ರೆಲ್ಲಾ
ಬ್ಯಾರೆಯವರ ಸಂಗಾಟ ಬಂದಂಗ ಮಾಡತಿದ್ರು.
ಡಾಕ್ಟರಬಾಯಿ ಕೇಳಿದ್ಲು: ಕಡೀಕ ಸುಮ್ನ ಕುಂತಿದ್ದು ಯಾವಾಗ?
ಬಾಣಂತನದಾಗ, ಅಂದೆ.
ಕೂಸಿಗೆ ಈಗೆಷ್ಟು ವಯಸ್ಸು?
ಹನ್ನೊಂದು.
ಆಕಿ ಏನೂ ಬರೀಲಿಲ್ಲ. ಪೆನ್ನು ಕೆಳಗಿಟ್ಲು.
ಹನ್ನೆರಡು ದಿನ, ಅಂದ್ಲು.
ಮತ್ತೊಂದು ಗುಳಿಗಿ, ರಾತ್ರಿ ಉಂಡಮ್ಯಾಲ.

ಮೊದಲನೇ ದಿನ ನಸುಕಿನ ನಾಕಕ್ಕ ಎದ್ದು ಕುಂತೆ.
ಬಲಗೈ ಹೆಬ್ಬೆರಳು ಹಾಸಿಗ್ಯಾಗೂ ಟಿಕೆಟ್ ಒತ್ತತಿತ್ತು.
ಗಂಡ ಪರಪ್ಪ, ಮೊದಲಾ ಮಾತು ಕಮ್ಮಿ,
ಚಾ ಮಾಡಿ ತಂದು ಬಾಜೂಕಿಟ್ಟು
ಹೊರಗ ಹೋಗಿ ಎರಡ ತಾಸು ಸೈಕಲ್ ಒರಿಸಿದ.
ಅತ್ತಿ ಓಣ್ಯಾಗ ಹೇಳ್ಯಾಳ: ಸೊಸಿ ಕಾಲು ಉಳುಕೈತಿ.
ಹಂಗಾಗಿ ನೀರಿಗೆ ಹೊಂಟಾಗ
ನೆನಪಿಟ್ಟು ಕುಂಟಬೇಕು.

ಐದನೇ ದಿನ
ಜ್ವಾಳದ ಡಬ್ಬ್ಯಾಗ ಮುಚ್ಚಿಟ್ಟ ಸೀಟಿ ಮಗಳಿಗೆ ಸಿಕ್ತು.
ಒಮ್ಮೆ ಊದಿದ್ಲು.
ಇಳಿಯೋರು ಇಳೀರಿ, ಅಂತ
ಒಲಿ ಮುಂದಿಂದ ಎದ್ದ ನಿಂತೆ.
ಮನಿ ಮಂದಿ ನಕ್ಕರು. ನಾನೂ ನಕ್ಕೆ,
ಒಂದ ಸ್ಟಾಪು ತಡವಾಗಿ.

ಇವತ್ತ ಒಂಬತ್ತು.
ಹೊಳಿ ದಂಡಿಗೆ ಬಂದು ಕುಂತೀನಿ, ಸೇತುವೆ ಕಾಣೂ ಕಡೆ.
ಚೀಲ ಇಲ್ಲದ ಹೆಗಲಿಗೆ ಏನ ಮಾಡಬೇಕೋ ತಿಳೀವಲ್ದು,
ಒಂದ ಕಡೆ ವಾಲೇ ಕುಂದರ್ತೈತಿ.
ಯಾವನೋ ಎಮ್ಮಿ ಮೈ ತೊಳೀತಾನ.
ಕೊಕ್ಕರೆ ಒಂದ ಕಾಲ ಮ್ಯಾಲ ನಿಂತೈತಿ,
ಅದಕ್ಕ ಯಾರೂ ಕಾರಣ ಕೇಳಿಲ್ಲ.

ಐದೂ ಹತ್ತಕ್ಕ ನನ್ನ ಗಾಡಿ ಬಂತು,
ಬಾಗಲದಾಗ ಜೋತು ಬಿದ್ದು ಬ್ಯಾರೆ ಕಂಡಕ್ಟರ್.
ನಾನಿಲ್ಲದನೂ ಹೋತು.
ಸೇತುವೆ ದಾಟಿತು, ಧೂಳು ಎಬ್ಬಿಸಿತು,
ಕಬ್ಬಿನ ಹಿಂದ ಮುಳುಗಿತು.
ಎಂಥಾ ಹಗರ ಆತು ಜೀವಕ್ಕ!
ಒಳಗೆಲ್ಲೋ ಒಂದ ಮುಳ್ಳೂ ಚುಚ್ಚಿತು:
ಹೋತಲ್ಲ, ಹಂಗ ಹೋತಲ್ಲ.

ಐನೂರರಾಗ ಅರವತ್ತೆರಡು ಹೋದ್ರ
ನಾನೂರಾ ಮೂವತ್ತೆಂಟು.
ಯಾರೂ ಕೇಳಿದ್ದಿಲ್ಲ. ನೀರಿಗೆ ಹೇಳಿದೆ.
ಮುದುಕಪ್ಪ ಯಾವ ಊರಾಗ ಇಳದನೋ.

ಫಾರ್ಮಿನ ಆ ಗೆರಿ ಮ್ಯಾಲ ಕಡೀಕ ಬರದದ್ದು
ದಣಿವು. ಅದಿಷ್ಟ.
ಮುಜಾವರ ಮಾವಾರು ಕನ್ನಡಕ ಏರಿಸಿ ಓದಿ,
ಸಿಕ್ಕಾ ಹೊಡದು,
ಸಿಕ್ಕಾ ಕೈಯಾಗ ಹಿಡಕೊಂಡೇ ಬಾಳ ಹೊತ್ತಿನ ಮ್ಯಾಲ ಕೇಳಿದ್ರು:
ಇದನ್ನ ಬರೀಬಹುದೇನವಾ?

ಇನ್ನ ಮೂರು ದಿನ ಅದಾವ.
ಎಮ್ಮಿ ನೀರಾಗಿಂದ ಏಳವಲ್ದು.
ಅವನೂ ಎಬ್ಬಸಾಕ ಹೋಗಿಲ್ಲ.