ಏರಿಗೆ ನೆಟ್ಟ ಸಲಿಕೆ

ಫ್ರೀಸ್‌ಲ್ಯಾಂಡಿನ ಬಡಗಣ ಅಂಚು. ಕಡಲಿಗಿಂತ
ಒಂದು ಆಳು ತಗ್ಗಿನಲ್ಲಿ ನಮ್ಮ ಅಡುಗೆಮನೆಗಳು.
ಪಂಪುಮನೆಯ ರಾತ್ರಿಪಾಳಿ ನನ್ನದು.

ಫೆಬ್ರವರಿಯಲ್ಲೊಂದು ರಾತ್ರಿ, ಮೂರು ಹತ್ತಕ್ಕೆ,
ಪರದೆ ಕಪ್ಪಾಯಿತು; ಆಮೇಲೆ ಬಿಳಿ ಅಕ್ಷರ:
ನಿಮ್ಮ ನೀರು ನಮ್ಮ ಹತ್ತಿರ ಇವೆ.
ವ್ಯಾಕರಣ ತಪ್ಪಿತ್ತು. ಲೆಕ್ಕ ತಪ್ಪಿರಲಿಲ್ಲ:
ಬೆಳಗಿನ ಒಂಬತ್ತರೊಳಗೆ, ಇಷ್ಟು ಹಣ.

ಹಳೆಯ ಡೀಸೆಲ್ ಎಂಜಿನ್ನಿಗೆ ಪಾಸ್‌ವರ್ಡ್ ಇಲ್ಲ.
ಶಾಲೆಯ ಮಕ್ಕಳಿಗೆ ತೋರಿಸಲೆಂದು ಬಣ್ಣ ಬಳಿದು ಇಟ್ಟದ್ದು.
ಹಿಡಿ ತಿರುವಿದೆ. ಮೂರನೆಯ ಸಲ ಕೆಮ್ಮಿತು,
ನಾಲ್ಕಕ್ಕೆ ನಿದ್ದೆಗೆಟ್ಟ ಮುದುಕನ ಹಾಗೆ ಬೈಯುತ್ತ ಎದ್ದಿತು.
ಬೆಳಗಾದಾಗ
ಫಾಪ್ಕೆಯ ಕುರಿಗಳ ಗೊರಸಷ್ಟೇ ನೆನೆದಿತ್ತು.

ಮಂಗಳವಾರ ಸಭೆ. ಹೇಗ್‌ನಿಂದ ಒಬ್ಬ ಬಂದ,
ಒಳ್ಳೆಯವನೇ, ಬೂಟು ಕೆಸರಾದರೂ ಗೊಣಗಲಿಲ್ಲ.
ಪಾಸ್‌ವರ್ಡು ಬಳಕೆದಾರನ ಹೊಣೆ, ಎಂದ.
ತಂತ್ರಾಂಶ ಕಂಪನಿಯ ಹೊಣೆ.
ಸಲಹೆ ಸರ್ಕಾರದ್ದು.

ಎಂಬತ್ತಾರರ ಬೌಕ್ಯೆ ಕೋಲೂರಿ ಎದ್ದಳು:
ಸಲಹೆ ಕೊಟ್ಟರೆ ಕಡಲು ಕೇಳುತ್ತದೇನಪ್ಪ?
ಹಿಂದೆ ಏರಿಯಲ್ಲಿ ಒಬ್ಬೊಬ್ಬನಿಗೂ ಇಷ್ಟಿಷ್ಟು ಮೊಳ.
ತನ್ನ ಪಾಲು ಕಟ್ಟಲಾರದವನು ಸಲಿಕೆ ಅಲ್ಲೇ ನೆಟ್ಟು
ಮನೆ ಹೊಲ ಬಿಟ್ಟು ನಡೆಯಬೇಕು.
ಸಲಿಕೆ ಕಿತ್ತವನಿಗೆ ಹೊಲ ಸಿಕ್ಕಿತು,
ಏರಿ ಕುತ್ತಿಗೆಗೆ ಬಿತ್ತು.
ನೀರು ಇದು ಯಾರ ಮೊಳ ಎಂದು ಕೇಳಿ ಬರಲಿಲ್ಲ,
ಸಡಿಲ ಇದ್ದಲ್ಲಿ ಬಂತು.
ಅದಕ್ಕೇ ಏರಿ ಎಲ್ಲರದಾಯಿತು; ಬೈದುಕೊಂಡೇ ತೆರಿಗೆ ಕೊಟ್ಟೆವು.
ಈಗ ನನ್ನ ಕೈಗೆ ಎಂಟು ಅಕ್ಷರ, ಒಂದು ಅಂಕಿ, ಒಂದು ನಕ್ಷತ್ರ ಕೊಟ್ಟು
ಇದು ನಿನ್ನ ಮೊಳ ಅನ್ನುತ್ತೀರಿ.

ಚಪ್ಪಾಳೆ ಬೀಳುವುದರಲ್ಲಿತ್ತು.
ಲೈಪ್‌ಜಿಗ್‌ನಿಂದ ಮದುವೆಯಾಗಿ ಬಂದ ರೋಸ್‌ವಿತಾ,
ಸಭೆಗಳಲ್ಲಿ ಎಂದೂ ಬಾಯಿಬಿಡದವಳು, ಕೂತಲ್ಲಿಂದಲೇ ಅಂದಳು:
ನಮ್ಮಲ್ಲಿ ಸರ್ಕಾರ ಬಹಳ ಹೊಣೆ ಹೊತ್ತಿತ್ತು.
ನನ್ನಕ್ಕನ ಕಾಗದಗಳನ್ನು ಹಬೆಗೆ ಹಿಡಿದು ಬಿಡಿಸಿ,
ಓದಿ, ಮತ್ತೆ ಅಂಟಿಸುತ್ತಿತ್ತು.
ಅಕ್ಕನಿಗಿಂತ ನೀಟಾಗಿ.

ಹೇಗ್‌ನವನು ಏನೋ ಬರೆದುಕೊಂಡ, ಹೊಡೆದುಹಾಕಿದ.

ಬೇಲಿ ಎದ್ದು ಹೊಲ ಮೇಯುವುದುಂಟು, ಗೊತ್ತು.
ಬೇಲಿಯಿಲ್ಲದ ಹೊಲವನ್ನೂ ಕಂಡಿದ್ದೇನೆ.
ನಮ್ಮ ಏರಿಯ ಮೇಲಧಿಕಾರಿ ವಸಂತಕ್ಕೊಮ್ಮೆ ಬರುತ್ತಾನೆ,
ಹೆಗ್ಗಣದ ಬಿಲವಿದೆಯೇ ಎಂದು ಕೋಲಿನಿಂದ ತಿವಿಯುತ್ತ
ಮೈಲಿಗಟ್ಟಲೆ ನಡೆಯುತ್ತಾನೆ.
ನಮ್ಮ ಕಿಟಕಿಗಳಿಗೆ ಪರದೆ ಇಲ್ಲ.
ಇಷ್ಟು ವರ್ಷ, ಒಮ್ಮೆಯೂ ಅವನು ಒಳಗೆ ಇಣುಕಿದ್ದಿಲ್ಲ.
ಅಂಥವನನ್ನು ಈ ತಂತಿಗೆ ಎಲ್ಲಿಂದ ತರುವುದು?

ನಡಾವಳಿಯಲ್ಲಿ ‘ಹೊಣೆಗಾರರು’ ಎಂಬ ಅಂಕಣ
ಇನ್ನೂ ಖಾಲಿಯಿದೆ.
ಡೀಸೆಲ್ ಎಂಜಿನ್ನಿಗೆ ಎಣ್ಣೆ ಹಾಕಿ ಬಂದೆ.