ಅಳತೆಗೊಂದು ರಾಗಿಕಾಳು

ಮೊದಲ ಫೋಟೋದಲ್ಲಿ ಹುಳುವಿಲ್ಲ, ಬರೀ ಬೆರಳು.
ಎರಡನೆಯದರಲ್ಲಿ ಬೆರಳ ತುದಿಗೆ ಕಂದು ಚುಕ್ಕೆ,
ಅಲ್ಲಾಡಿದ್ದು.
ಮೂರನೆಯದಕ್ಕೆ, ನಾನು ಹೇಳಿದ ಹಾಗೆ,
ಅಳತೆಗೆಂದು ಪಕ್ಕದಲ್ಲೊಂದು ರಾಗಿಕಾಳು ಇಟ್ಟಿದ್ದಾರೆ ಮುಬೀನಾ.
ಕಾಳು ಚೆನ್ನಾಗಿ ಬಿದ್ದಿದೆ.

ಶಿಡ್ಲಘಟ್ಟದ ಹಿಂಬೀದಿಯ ನೂಲುಮನೆ,
ಅಟ್ಟದ ಮೇಲೆ ಒಣಗಿಸಿಟ್ಟ ಗೂಡಿನ ಚೀಲ,
ಚೀಲದಲ್ಲಿ ಹಿಡಿಹಿಡಿ ತೂತುಗೂಡು.
ತೂತು ಬಿದ್ದದ್ದು ಎಳೆ ಬಿಡುವುದಿಲ್ಲ,
ಹತ್ತು ಸುತ್ತಿಗೆ ಹರಿಯುತ್ತದೆ.
‘ಯಾರು ಮೇಡಂ ಇದು?’ ಅಂತ ಬರೆದಿದ್ದಾರೆ,
ಕಳ್ಳನ ಪಟ ಕಳಿಸಿದವರಂತೆ.

ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ
ಮೀಸೆಯ ಗಣ್ಣು ಎಣಿಸುತ್ತೇನೆ, ಕಬ್ಬಿನದು ಎಣಿಸಿದಂತೆ:
ಆರು, ಏಳು, ಎಂಟು, ಆಮೇಲೆ ಗದೆಯ ಹಾಗೆ ದಪ್ಪ.
ಗದೆಗೆ ಎರಡು ಗಣ್ಣೋ ಮೂರೋ,
ಸರಿಯಾಗಿ ಅಲ್ಲೇ ಚಿತ್ರ ಹಿಟ್ಟಾಗುತ್ತದೆ.
ಹಣೆಯ ನಡುವೆ ಒಂಟಿ ಕಣ್ಣಿರಬೇಕು.
ಇದೆ. ಇಲ್ಲಾ, ಟ್ಯೂಬ್‌ಲೈಟಿನ ಮಿಂಚು.
ಬೆನ್ನಿಗೆ ಬಿಳಿ, ಹಳದಿ ಹುರುಪೆಯ ಪಟ್ಟೆ ಇರಬೇಕು,
ನಿನ್ನೆಯ ರಂಗೋಲಿಯಂತೆ ಅಲ್ಲಲ್ಲಿ ಉಳಿದಿದೆ.
ವಯಸ್ಸಾದರೆ ಉದುರುತ್ತದೆ. ಹಿಡಿದರೂ ಉದುರುತ್ತದೆ.
ಹಿಡಿಯದೆ ತೋರಿಸುವುದು ಹೇಗೆ?

ಆಗ ಕಂಡಿತು: ಫೋಕಸ್ಸು ಕೂತಿರುವುದು ಬೆರಳಿನ ಮೇಲೆ.
ಒಂದೊಂದು ಗೆರೆ, ಗೆರೆಗಳ ನಡುವೆ ಬೆಂದು ಬೆಳ್ಳಗಾದ ಚರ್ಮ,
ಉಗುರ ಸಂದಿಯಲ್ಲಿ ಬಿಸಿನೀರು ಕೊರೆದ ಕುಳಿ,
ಎಳೆ ಹಾಯಿಸಿ ಹಾಯಿಸಿ
ಪಕ್ಕಕ್ಕೆ ಬಿದ್ದ ಸಣ್ಣದೊಂದು ಕಾಲುವೆ.
ಪುಸ್ತಕ ತೆರೆಯದೆ ಗುರುತಿಸಬಲ್ಲೆ ಇದನ್ನು:
ಬಲಗೈ, ತೋರುಬೆರಳು,
ಬೇಸಿನ್ನಿನ ಮುಂದೆ ಇಪ್ಪತ್ತು ವರ್ಷ, ಕಮ್ಮಿಯಿಲ್ಲ.
ಅವರು ಕೇಳಿದ್ದು ಇದನ್ನಲ್ಲ.

‘ಮಗುಚಿ, ಹೊಟ್ಟೆ ಕಾಣುವ ಹಾಗೆ ಇನ್ನೊಂದು ಕಳಿಸಿ.
ಕಾಲು ಮಡಚಿಕೊಂಡು ಸತ್ತಂತೆ ಬಿದ್ದಿರುತ್ತದೆ,
ಆಗಲೇ ತೆಗೆಯಿರಿ’ ಎಂದೆ.
‘ನೀರು ಕಾದಿದೆ ಮೇಡಂ, ಈಗ ಏಳಕ್ಕಾಗಲ್ಲ,
ಸಂಜೆ ತೆಗೀತೀನಿ. ಅದರ ಜಾತಿ ಗೊತ್ತಾಯ್ತಾ?’

ಬೆರಳು ಅಕ್ಷರದ ಮೇಲೇ ನಿಂತಿತು ಸ್ವಲ್ಪ ಹೊತ್ತು.
ಎಷ್ಟು ಸಲ ಬರೆದ ಪದ, ವರದಿಗಳಲ್ಲಿ.
‘ಕುಟುಂಬ ಗೊತ್ತಾಯ್ತು. ಅದರಿಂದಾಚೆಗೆ
ಈ ಫೋಟೋ ಏನೂ ಹೇಳಲ್ಲ.’
‘ಅಷ್ಟಾದರೆ ಸಾಕು ಬಿಡಿ’ ಅಂದರು.
ನಕ್ಕರೋ ಏನೋ, ಬರಹದಲ್ಲಿ ತಿಳಿಯಲಿಲ್ಲ.

ಆರೂವರೆಗೆ ನಾಲ್ಕನೆಯದು ಬಂತು.
ಬಿಳಿ ಹಾಳೆ, ಹಾಳೆಯ ನಡುವೆ ರಾಗಿಕಾಳು,
ಅದರ ಮೈಮೇಲಿನ ಗುಳಿಗಳನ್ನೂ ಎಣಿಸಬಹುದು.
ಕೆಳಗೆ ಒಂದು ಸಾಲು:
‘ಸತ್ತಿರಲಿಲ್ಲ ಮೇಡಂ, ಎದ್ದು ಹೋಯ್ತು.’